ಕಾಫಿ ಗುಡ್ಡದ ಬ್ಲೇಡ್ ಪುರಾಣ

ಕಾಫಿ ಘಟ್ಟ ಇಳಿದು ಮಂಗಳೂರಿನ ಕ್ಯೂರಿಂಗ್ ವರ್ಕ್ಸ್ ಸೇರುತ್ತಿದ್ದ ಕಾಲದಲ್ಲಿ ಅದನ್ನು ಹೊತ್ತ ಎತ್ತಿನಗಾಡಿಗೆ ಸ್ಪ್ರಿಂಗೂ ಇರಲಿಲ್ಲ, ಶಾಕ್ಸೂ ಇರಲಿಲ್ಲ. ಅಚ್ಚಿನ ಮೇಲೆ ನೇರ ಕೂತ ಮರದ ಚೌಕಟ್ಟು, ಕಬ್ಬಿಣದ ಪಟ್ಟಿ ಬಡಿದ ಚಕ್ರ, ಅಷ್ಟೆ. ದಾರಿಯ ಒಂದೊಂದು ಕಲ್ಲಿನ ಲೆಕ್ಕವೂ ಗಾಡಿ ಹೊಡೆಯುವವನ ಬೆನ್ನಿಗೆ ಸಿಗುತ್ತಿತ್ತು.

ತೋಟದ ದಾರಿಗೆ ತಕ್ಕ ಮೋಟಾರು ಗಾಡಿ ಎಂದರೆ ಜೀಪು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಸೈನ್ಯಕ್ಕೆ ಬೇಡವಾದ ವಿಲ್ಲೀಸ್ ಜೀಪುಗಳು ಜನರ ಕೈಗೆ ಬಂದವು. 1940ರ ದಶಕ ಮುಗಿಯುವುದರೊಳಗೆ ಮಹೀಂದ್ರ ಕಂಪನಿ ಮುಂಬಯಿಯಲ್ಲಿ ಜೀಪು ಜೋಡಿಸತೊಡಗಿತು. ಕಾಲು ಟನ್ ಹೊರೆಗೆಂದು ಸೈನ್ಯ ಮಾಡಿಸಿದ್ದ ಗಾಡಿ ಅದು. ಅದರ ಮೇಲೆ ಗೊಬ್ಬರದ ಮೂಟೆ, ಕಾಫಿ ಚೀಲ, ಸಾಲದ್ದಕ್ಕೆ ಕೆಲಸದವರನ್ನೂ ಹೇರಿದರೆ ನಾಲ್ಕು ಮೂಲೆಯ ಬ್ಲೇಡುಗಳೂ, ಅಂದರೆ ಒಂದರ ಮೇಲೊಂದು ಪೇರಿಸಿದ ಉಕ್ಕಿನ ಪಟ್ಟಿಯ ಸ್ಪ್ರಿಂಗುಗಳೂ, ಚಪ್ಪಟೆಯಾಗದೆ ಇನ್ನೇನಾದಾವು? ಮಲೆನಾಡಿನಲ್ಲಿ ಸಸ್ಪೆನ್ಷನ್ ಬಲಪಡಿಸುವ ಕಸುಬು ಬೆಳೆದದ್ದು ಇಂಥ ಹೊರೆಯಿಂದ. ರೇಸಿನ ಹುಚ್ಚು ಆಮೇಲಿನದು.

ಕೆಲಸ ಸರಳ, ಆದರೆ ಕೈ ಪಳಗಿರಬೇಕು. ಯು-ಬೋಲ್ಟ್ ಸಡಿಲಿಸಿ ಸೆಟ್ಟನ್ನು ಇಳಿಸುವುದು, ಸೆಂಟರ್ ಬೋಲ್ಟ್ ತೆಗೆದು ಬ್ಲೇಡುಗಳನ್ನು ಬಿಡಿಸುವುದು, ತುಕ್ಕು ಉಜ್ಜುವುದು. ಬಾಗು ಕಳೆದುಕೊಂಡ ಬ್ಲೇಡನ್ನು ಅಡಿಗಲ್ಲಿನ ಮೇಲಿಟ್ಟು ಇಂಚಿಂಚಾಗಿ ಸುತ್ತಿಗೆಯಿಂದ ಬಡಿದು ಮತ್ತೆ ಬಿಲ್ಲಿನಂತೆ ಬಗ್ಗಿಸುತ್ತಾರೆ. ಬಲ್ಲವರು ಇದನ್ನು ತಣ್ಣಗಿರುವಾಗಲೇ ಮಾಡುತ್ತಾರೆ. ಕುಲುಮೆಯಲ್ಲಿ ಕೆಂಪಗೆ ಕಾಯಿಸಿದರೆ ಬಡಿಯುವುದು ಸುಲಭ, ಆದರೆ ಉಕ್ಕಿನ ಹದ ಹೋಗಿ ಮುಂದಿನ ಮಳೆಗಾಲದೊಳಗೆ ಬ್ಲೇಡು ಕಟ್ಟಾಗುತ್ತದೆ. ಹಳೆಯ ದೊಡ್ಡ ಗಾಡಿಯ ಬ್ಲೇಡು ಕತ್ತರಿಸಿ ಒಂದು ಹೆಚ್ಚುವರಿ ಎಲೆ ಸೇರಿಸಿದರೆ ಹೊರೆ ತಡೆಯುತ್ತದೆ. ಖಾಲಿ ಜೀಪಿನಲ್ಲಿ ಕೂತವರ ಗತಿ ಮಾತ್ರ ದೇವರೇ ಬಲ್ಲ.

ಸಾಹುಕಾರರ ಅಂಬಾಸಿಡರ್‌ಗೆ ಮುಂದೆ ಟಾರ್ಷನ್ ಬಾರ್, ಹಿಂದೆ ಬ್ಲೇಡು. ಪೇಟೆಗೆ ಹೋಗಿಬರಲು ಸಾಕಿತ್ತು.

1985ರ ಕೊನೆಗೆ ಮಾರುತಿ ಜಿಪ್ಸಿ ಬಂದಾಗ ಲೆಕ್ಕ ಬದಲಾಯಿತು. 970 ಸಿಸಿಯ ಪೆಟ್ರೋಲ್ ಎಂಜಿನ್, ಒಂದು ಟನ್ನಿನ ಆಸುಪಾಸಿನ ತೂಕ, ಫೋರ್ ವ್ಹೀಲ್ ಡ್ರೈವ್. 1993ರಲ್ಲಿ ಚಕ್ರಗಳ ನಡುವಿನ ಅಗಲ ಹೆಚ್ಚಿತು, 1996ರಲ್ಲಿ 1.3 ಲೀಟರ್ ಎಂಜಿನ್ನಿನ ಜಿಪ್ಸಿ ಕಿಂಗ್ ಬಂತು. ಬದಲಾಗದೆ ಉಳಿದದ್ದು ಬ್ಲೇಡು. 2019ರಲ್ಲಿ ಜನರಿಗೆ ಮಾರಾಟ ನಿಲ್ಲುವವರೆಗೂ ಜಿಪ್ಸಿ ಕಾಯಿಲ್ ಸ್ಪ್ರಿಂಗ್ ಕಾಣಲಿಲ್ಲ. ಹಗುರ ಗಾಡಿಗೆ ಬಿಗಿ ಬ್ಲೇಡು ಸೇರಿದರೆ ಖಾಲಿ ಇರುವಾಗ ಹಿಂಭಾಗ ಕುಣಿಯುತ್ತದೆ, ತಿರುವಿನಲ್ಲಿ ಗುಂಡಿ ಸಿಕ್ಕರೆ ಪಕ್ಕಕ್ಕೆ ಜಿಗಿಯುತ್ತದೆ.

ಇಂಥ ಗಾಡಿಯೇ ರ‍್ಯಾಲಿಯ ಕುದುರೆಯಾಯಿತು. ಐದು ಬಾರಿ ರಾಷ್ಟ್ರೀಯ ಚಾಂಪಿಯನ್ ಆದ ಚಂಡೀಗಢದ ಹರಿ ಸಿಂಗ್ ಹೆಸರಿನ ಜೊತೆ ಜಿಪ್ಸಿಯ ಹೆಸರೂ ಅಂಟಿಕೊಂಡಿದೆ. ಇಲ್ಲೇ ಎರಡು ದಾರಿ ಕವಲೊಡೆಯುತ್ತದೆ. ತೋಟದವನು ಬ್ಲೇಡು ಸೇರಿಸಿ ಎಂದರೆ, ವೇಗ ಬೇಕಾದವನು ಒಂದೆರಡು ತೆಗೆಯಿರಿ ಎನ್ನುತ್ತಾನೆ. ಚಕ್ರ ನೆಲ ಬಿಡಬಾರದು ಎಂಬುದು ಅವನ ಚಿಂತೆ. ಗಟ್ಟಿ ಸ್ಪ್ರಿಂಗ್ ಚಕ್ರವನ್ನು ಗಾಳಿಗೆ ಎಸೆಯುತ್ತದೆ. ಹಾಗೆ ಮೆದುವಾದ ಬ್ಲೇಡಿನ ಕುಣಿತ ತಡೆಯಲು ಒಳ್ಳೆಯ ಶಾಕ್ಸ್ ಬೇಕು. ಶಾಕ್ಸ್ ಮಾಡುವುದು ಕುಣಿತವನ್ನು ಶಾಖವಾಗಿಸುವ ಕೆಲಸ. ಸತತ ಗುಂಡಿ ಬಿದ್ದರೆ ಒಳಗಿನ ಎಣ್ಣೆ ಕಾದು ನೊರೆಯಾಗುತ್ತದೆ, ಹಿಡಿತ ತಪ್ಪುತ್ತದೆ. ಅದಕ್ಕೇ ಒಂದೊಂದು ಚಕ್ರಕ್ಕೆ ಎರಡೆರಡು ಶಾಕ್ಸ್, ಆಮೇಲೆ ನೈಟ್ರೋಜನ್ ಒತ್ತಡದವು. ಪರೀಕ್ಷೆಗೆ ಯಂತ್ರವೇ ಬೇಕೆಂದಿಲ್ಲ: ಕೆಟ್ಟ ರಸ್ತೆಯಲ್ಲಿ ಓಡಿಸಿ ಇಳಿದ ಕೂಡಲೆ ನಾಲ್ಕನ್ನೂ ಮುಟ್ಟಿ ನೋಡಿದರಾಯಿತು. ತಣ್ಣಗಿರುವುದು ಸತ್ತಿದೆ ಎಂದರ್ಥ.

1994ರಲ್ಲಿ ಬಂದ ಮಾರುತಿ ಎಸ್ಟೀಮ್ ಕಾರು ಇನ್ನೊಂದು ಪಾಠ ಕಲಿಸಿತು. ನಾಲ್ಕು ಚಕ್ರಕ್ಕೂ ಬೇರೆ ಬೇರೆ ಸ್ಟ್ರಟ್ (ಸ್ಪ್ರಿಂಗೂ ಶಾಕ್ಸೂ ಒಂದಾದ ಕಂಬ), ಹಗುರ ಮೈ. ಮಾರುಕಟ್ಟೆಯ ಕಾರುಗಳ ಸ್ಪರ್ಧೆಗಿದ್ದ ಗ್ರೂಪ್ ಎನ್ ನಿಯಮ ಮೂಲ ವಿನ್ಯಾಸ ಉಳಿಸಿಕೊಂಡು ಸ್ಪ್ರಿಂಗ್, ಡ್ಯಾಂಪರ್ (ಶಾಕ್ಸ್) ಬದಲಿಸಲು ಅವಕಾಶ ಕೊಡುತ್ತಿದ್ದುದರಿಂದ ಹಳೆಯ ಎಸ್ಟೀಮ್‌ಗಳ ಆಯುಸ್ಸು ರ‍್ಯಾಲಿಯಲ್ಲಿ ಬೆಳೆಯಿತು.

ಚಿಕ್ಕಮಗಳೂರಿನ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನವರು ಮನೆಯಂಗಳದ ಈ ರ‍್ಯಾಲಿ ಹುಚ್ಚನ್ನು ದೊಡ್ಡ ಮಟ್ಟಕ್ಕೆ ಒಯ್ದರು. 2016 ಮತ್ತು 2017ರಲ್ಲಿ ಏಷ್ಯಾ ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಷಿಪ್ಪಿನ ಸುತ್ತು ಇಲ್ಲಿಗೇ ಬಂತು. ಸ್ಪರ್ಧೆ ನಡೆದದ್ದು ತೋಟಗಳ ಒಳರಸ್ತೆಯಲ್ಲಿ: ಸಿಲ್ವರ್ ಓಕ್ ಮರಗಳ ನಡುವಿನ ಕೆಂಪು ಜಲ್ಲಿ, ನೀರು ಹರಿಯಲು ಅಡ್ಡ ಕೊರೆದ ಚರಂಡಿ, ಕುರುಡು ತಿರುವು. ಎಂ.ಆರ್.ಎಫ್. ತಂಡದ ಗೌರವ್ ಗಿಲ್ ಓಡಿಸಿದ ಸ್ಕೋಡಾ ಫಾಬಿಯಾ ಆರ್5 ಕಾರಿಗೂ ನಾಲ್ಕು ಚಕ್ರಕ್ಕೆ ಸ್ಟ್ರಟ್ಟೇ. ಎಸ್ಟೀಮಿನ ತತ್ವವೇ ಅದು. ವ್ಯತ್ಯಾಸವಿರುವುದು ಚಕ್ರ ಮೇಲೆ ಕೆಳಗೆ ಓಡಾಡುವ ಅಂತರದಲ್ಲಿ, ಡ್ಯಾಂಪರಿನ ನಯದಲ್ಲಿ, ಮತ್ತು ಬೆಲೆಯಲ್ಲಿ. 

ಈಗ ಹಳೆಯ ಜಿಪ್ಸಿ ಕೊಂಡ ಹುಡುಗರು ಮೊದಲು ಕೇಳುವುದು ಎತ್ತರ. ಆಕ್ಸಲ್ ಕೆಳಗಿರುವ ಬ್ಲೇಡ್‌ಸೆಟ್ಟನ್ನು ಮೇಲೆ ಕೂರಿಸಿದರೆ ಗಾಡಿ ನಾಲ್ಕೈದು ಇಂಚು ಏರುತ್ತದೆ, ಫೋಟೋಕ್ಕೆ ಚೆನ್ನಾಗಿಯೂ ಕಾಣುತ್ತದೆ. ಆದರೆ ಸ್ಟೀರಿಂಗ್ ರಾಡಿನ, ಪ್ರೊಪೆಲ್ಲರ್ ಶಾಫ್ಟಿನ ಕೋನ ಕೆಡುತ್ತದೆ, ಅಡ್ಡ ಇಳಿಜಾರಿನಲ್ಲಿ ಮಗುಚುವ ಭಯ ಹೆಚ್ಚುತ್ತದೆ. ದುಡ್ಡು ಹಾಕುವುದಾದರೆ ಮೊದಲು ಸವೆದ ಬುಷ್, ಶ್ಯಾಕಲ್, ಯು-ಬೋಲ್ಟಿಗೆ ಹಾಕಿ, ನಂತರ ಶಾಕ್ಸ್, ಬ್ಲೇಡು ಕೊನೆಗೆ. ಎತ್ತರ ಏರಿಸಲೇಬೇಕೆಂಬ ಹಟವಿದ್ದರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಓದಿಕೊಳ್ಳಿ: ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದ ಮಾರ್ಪಾಡು ಸಲ್ಲದು ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.