ನರಿಗೂ ಕೋಳಿಗೂ ನಡುವೆ ಒಂದು ಬುಟ್ಟಿ

ಬಿಳಿಚೋಡು ಕಡೆ ಕೋಳಿ ಅಂದ್ರೆ ಹೆಣ್ಮಕ್ಕಳ ಕೈಗಾಸು. ನರಿ ಒಂದು ಹ್ಯಾಟೆ ಹೊತ್ತೊಯ್ದ್ರೆ ಸಂತೆ ಖರ್ಚೇ ಹೋದಂಗೆ. ಆದ್ರೂ ಹಿರೇರು ನರಿ ಮೇಲೆ ಹಗೆ ಸಾಧಿಸ್ಲಿಲ್ಲ. ಬೆಳಿಗ್ಗೆ ನರಿ ಮುಖ ಕಂಡ್ರೆ ಶುಭ ಅಂತಿದ್ರು. ಆ ನಂಬಿಕೆ ನಮ್ಮಲ್ಲಷ್ಟೇ ಅಲ್ಲ. ತಮಿಳುನಾಡಿನ ಸೇಲಂ ಕಡೆ ಪೊಂಗಲ್‌ಗೆ ನರಿ ಹಿಡಿದು, ಊರಿಗೆಲ್ಲಾ ತೋರಿಸಿ, ವಾಪಸ್ ಬಿಡೋರು. ಈಗ 1972ರ ವನ್ಯಜೀವಿ ಕಾಯ್ದೆಯಡಿ ಹಿಡಿಯೋದೂ ತಪ್ಪು, ಕೊಲ್ಲೋದೂ ತಪ್ಪು. ನಮ್ಮ ಜಗಳೂರು ತಾಲೂಕಿನ ರಂಗಯ್ಯನದುರ್ಗದಾಗೆ 2011ರಲ್ಲಿ ಕೊಂಡುಕುರಿ ವನ್ಯಧಾಮವೂ ಆಯ್ತು.

ಶೇಂಗಾ ಹೊಲದ ಇಲಿ ತಿನ್ನೋದೂ ಇದೇ ನರಿ. ಹಂಗಾಗಿ ವಿಷ ಇಡಬ್ಯಾಡ್ರಿ. ಹಳೇ ಉಪಾಯವೇ ಗಟ್ಟಿ: ಹೊತ್ತು ಮುಳುಗೋಕೆ ಮುಂಚೆ ಕೋಳಿ ಎಣಿಸಿ, ಬುಟ್ಟಿ ಕವುಚಿ, ಮೇಲೊಂದು ಗುಂಡುಕಲ್ಲು ಇಡ್ರಿ. ಮರಿಕೋಳಿ ಬುಟ್ಟಿ ಮಾತ್ರ ಮನೆಯೊಳಗೇ ಇರ್ಲಿ.