ಲಾಭವಿಲ್ಲ ಅಂತ ಕಂಪನಿಗಳು ಔಷಧವನ್ನು ಮುಚ್ಚಿಡುತ್ತವೆಯೇ?

"ರೋಗಕ್ಕೆ ಮದ್ದು ಸಿಕ್ಕಿದೆ, ಆದರೆ ಲಾಭವಿಲ್ಲ ಅಂತ ಕಂಪನಿಗಳು ಬಚ್ಚಿಟ್ಟಿವೆ." ಇಂಥ ಮೆಸೇಜ್ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಇದರಲ್ಲಿ ಎಷ್ಟು ನಿಜ? ನಮ್ಮ ಊರಿನದ್ದೇ ಒಂದು ಉದಾಹರಣೆ ನೋಡೋಣ.

ಹೆಬ್ಬಾಳದಲ್ಲಿ ನಡೆದದ್ದು

ಕೆಂಪಾಪುರದಿಂದ ಕೂಗಳತೆ ದೂರದಲ್ಲಿ, ಹೆಬ್ಬಾಳದ ಬಳ್ಳಾರಿ ರಸ್ತೆಯಲ್ಲಿ ಆಸ್ಟ್ರಾಜೆನೆಕಾ ಕಂಪನಿಯ ಸಂಶೋಧನಾ ಕೇಂದ್ರವಿತ್ತು. ಅಲ್ಲಿನ ವಿಜ್ಞಾನಿಗಳು ಟಿಬಿ (ಕ್ಷಯ) ಮತ್ತು ಮಲೇರಿಯಾಗೆ ಹೊಸ ಔಷಧ ಹುಡುಕುತ್ತಿದ್ದರು. ಈ ರೋಗಗಳ ಸಂಶೋಧನೆ ನಿಲ್ಲಿಸಿ ಕೇಂದ್ರವನ್ನು ಮುಚ್ಚುವುದಾಗಿ ಕಂಪನಿ 2014ರ ಜನವರಿಯಲ್ಲಿ ಪ್ರಕಟಿಸಿತು. ಸುಮಾರು 170 ಮಂದಿಯ ಕೆಲಸಕ್ಕೆ ಕುತ್ತು ಬಂತು. ಕ್ಯಾನ್ಸರ್, ಹೃದ್ರೋಗ, ಮಧುಮೇಹ, ಉಸಿರಾಟದ ಕಾಯಿಲೆಗಳಂಥ ಮುಖ್ಯ ಕ್ಷೇತ್ರಗಳಿಗೆ ಗಮನ ಕೊಡುವುದು ಕಂಪನಿಯ ಉದ್ದೇಶವಾಗಿತ್ತು. ಜಗತ್ತಿನ ಟಿಬಿ ರೋಗಿಗಳಲ್ಲಿ ಸುಮಾರು ಕಾಲು ಭಾಗ ಇರುವುದು ಭಾರತದಲ್ಲೇ!

ಲೆಕ್ಕ ಹಾಕುವುದು ಹೇಗೆ?

ಯಾವ ಪ್ರಾಜೆಕ್ಟಿಗೆ ಹಣ ಹಾಕಬೇಕು ಎಂದು ನಿರ್ಧರಿಸುವಾಗ ಕಂಪನಿಗಳು ಮುಖ್ಯವಾಗಿ ಮೂರು ವಿಷಯ ನೋಡುತ್ತವೆ: ಖರ್ಚೆಷ್ಟು, ಗೆಲ್ಲುವ ಸಾಧ್ಯತೆ ಎಷ್ಟು, ಗೆದ್ದರೆ ಬರುವುದೆಷ್ಟು. ಒಂದು ಕಾಲ್ಪನಿಕ ಲೆಕ್ಕ ನೋಡಿ. ಎರಡು ಔಷಧಗಳಿಗೂ ತಲಾ ₹100 ಕೋಟಿ ಖರ್ಚು.

- ಔಷಧ 1: ಗೆಲ್ಲುವ ಸಾಧ್ಯತೆ 10%, ಗೆದ್ದರೆ ₹2,000 ಕೋಟಿ. ಸರಾಸರಿ ನಿರೀಕ್ಷೆ ₹200 ಕೋಟಿ.
- ಔಷಧ 2: ಗೆಲ್ಲುವ ಸಾಧ್ಯತೆ 20%, ಗೆದ್ದರೆ ₹300 ಕೋಟಿ. ಸರಾಸರಿ ನಿರೀಕ್ಷೆ ₹60 ಕೋಟಿ.

ಗೆಲ್ಲುವ ಸಾಧ್ಯತೆ ಎರಡರಷ್ಟಿದ್ದರೂ ಎರಡನೆಯದಕ್ಕೆ ಹಾಕಿದ ದುಡ್ಡೇ ವಾಪಸ್ ಬರುವುದಿಲ್ಲ. ಬಡವರನ್ನೇ ಹೆಚ್ಚು ಕಾಡುವ ರೋಗಗಳ ಔಷಧಗಳು ಹೆಚ್ಚಾಗಿ ಸಿಕ್ಕಿಬೀಳುವುದು ಇಲ್ಲೇ.

ಆಸ್ಟ್ರಾಜೆನೆಕಾ 2011ರ ಹೊತ್ತಿಗೆ ತನ್ನದೇ ಸೋಲುಗಳನ್ನು ಪರಿಶೀಲಿಸಿ ಐದು ಪ್ರಶ್ನೆಗಳ ಜರಡಿ ಮಾಡಿಕೊಂಡಿತು: ಗುರಿ ಸರಿಯಿದೆಯೇ? ಔಷಧ ಸರಿಯಾದ ಅಂಗಾಂಶ ತಲುಪುತ್ತದೆಯೇ? ಸುರಕ್ಷಿತವೇ? ಸರಿಯಾದ ರೋಗಿಗಳು ಯಾರು? ಮಾರುಕಟ್ಟೆ ಇದೆಯೇ? ಅಭ್ಯರ್ಥಿ ಔಷಧ ಎಂದು ಆಯ್ಕೆಯಾದವುಗಳಲ್ಲಿ ಮೂರನೇ ಹಂತದ ಪರೀಕ್ಷೆ ದಾಟಿದವು 2005–2010ರಲ್ಲಿ 4%, 2012–2016ರಲ್ಲಿ 19%. ಅಂದರೆ ಕೆಲವನ್ನು ಬೇಗ ಕೈಬಿಡುವುದೂ ಒಳ್ಳೆಯ ಸಂಶೋಧನೆಯ ಭಾಗ. ಆದರೆ ಮೊದಲ ನಾಲ್ಕು ಪ್ರಶ್ನೆಗಳಿಗೆ ಉತ್ತರ ವಿಜ್ಞಾನದ್ದು, ಐದನೆಯದಕ್ಕೆ ಮಾರುಕಟ್ಟೆಯದ್ದು.

ಹಾಗಾದರೆ ಆ ಸಂಶೋಧನೆ ಏನಾಯಿತು?

ಬೀರುವಿನಲ್ಲಿ ಬೀಗ ಹಾಕಿಸಿಕೊಂಡು ಕೂರಲಿಲ್ಲ. ಬೆಂಗಳೂರಿನ ತಂಡದ ಕೆಲಸದಿಂದ ಬಂದ 'ಟಿಬಿಎ-7371' ಎಂಬ ಟಿಬಿ ಔಷಧದ ವಿವರ ವಿಜ್ಞಾನ ಪತ್ರಿಕೆಗಳಲ್ಲಿ ಪ್ರಕಟವಾಗಿದೆ. ಲಾಭದ ಉದ್ದೇಶವಿಲ್ಲದ 'ಟಿಬಿ ಅಲಯನ್ಸ್'ನಂಥ ಸಂಸ್ಥೆಗಳು ಅದನ್ನು ಮುಂದುವರಿಸಿ, ರೋಗಿಗಳ ಮೇಲಿನ ಎರಡನೇ ಹಂತದ ಪರೀಕ್ಷೆಯವರೆಗೂ ತಂದವು. ಇದೇ ಟಿಬಿ ಅಲಯನ್ಸ್ ಅಭಿವೃದ್ಧಿಪಡಿಸಿದ ಪ್ರೆಟೊಮನಿಡ್‌ಗೆ 2019ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಹೆಬ್ಬಾಳದ ಕೇಂದ್ರದಲ್ಲಿದ್ದ ಕೆಲವು ವಿಜ್ಞಾನಿಗಳು 2014ರಲ್ಲೇ 'ಬಗ್‌ವರ್ಕ್ಸ್' ಕಂಪನಿ ಕಟ್ಟಿ, ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ವಿರುದ್ಧ ಕೆಲಸ ಶುರುಮಾಡಿದರು.

ನಮ್ಮ ತೀರ್ಮಾನ

ಇಲ್ಲಿ ಯಾರೂ ಸಿದ್ಧ ಮದ್ದನ್ನು ಬಚ್ಚಿಡಲಿಲ್ಲ. ಆದರೆ ಲಾಭ ಕಡಿಮೆ ಇರುವ ರೋಗಗಳಿಗೆ ಹಣ ಹೂಡಲು ಕಂಪನಿಗಳು ಹಿಂಜರಿಯುವುದು ನಿಜ. ಮದ್ದು ಬಚ್ಚಿಟ್ಟಿದ್ದಾರೆ ಎಂದುಕೊಂಡರೆ ಕಳ್ಳನನ್ನು ಹುಡುಕುತ್ತಾ ಕೂರುತ್ತೇವೆ. ಹಣವೇ ಹಾಕಿಲ್ಲ ಎಂದು ಗೊತ್ತಾದರೆ, ಸರ್ಕಾರ ಮತ್ತು ಸಾರ್ವಜನಿಕ ನಿಧಿಗಳು ಎಷ್ಟು ಕೊಡುತ್ತಿವೆ ಎಂದು ಕೇಳುತ್ತೇವೆ.

ಇನ್ನೊಂದು ಮಾತು. ಟಿಬಿಗೆ ಈಗಲೇ ಔಷಧವಿದೆ, ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಸಿಗುತ್ತದೆ. "ನಿಜವಾದ ಮದ್ದು ಬೇರೆ ಇದೆ" ಎಂಬ ಫಾರ್ವರ್ಡ್ ನಂಬಿ ಯಾರಾದರೂ ಮಾತ್ರೆಯನ್ನು ನಡುವೆ ಬಿಟ್ಟರೆ, ರೋಗ ಔಷಧಕ್ಕೆ ಬಗ್ಗದಂತಾಗಬಹುದು. ಹಾಗಾಗಿ ಆ ಮೆಸೇಜ್ ಬಂದರೆ ಫಾರ್ವರ್ಡ್ ಮಾಡಬೇಡಿ. ಕಳಿಸಿದವರಿಗೆ ಇದನ್ನು ಓದಲು ಕೊಡಿ.