ಪೂರ್ವಗ್ರಹವೂ ಪೂರ್ವಪಕ್ಷವೂ

ಪೂರ್ವಗ್ರಹವೆಂದರೆ ವಿಚಾರಕ್ಕೆ ಮೊದಲೇ ಹಿಡಿದುಬಿಟ್ಟದ್ದು. ಹಿಡಿದವನಿಗೆ ತಾನು ಹಿಡಿದಿದ್ದೇನೆಂಬ ಅರಿವಿರುವುದಿಲ್ಲ; ಕಂಡದ್ದನ್ನೇ ಹೇಳುತ್ತಿದ್ದೇನೆಂದು ಅವನು ಪ್ರಾಮಾಣಿಕವಾಗಿ ನಂಬಿರುತ್ತಾನೆ. ವಿದ್ವತ್ತು ಇದಕ್ಕೆ ಮದ್ದಲ್ಲ; ಎಷ್ಟೋ ವೇಳೆ ಹಿಡಿದದ್ದನ್ನು ಸಮರ್ಥಿಸುವ ಸಾಮಗ್ರಿಯನ್ನು ಅದೇ ಒದಗಿಸಿಕೊಡುತ್ತದೆ. ನಮ್ಮ ನಾಡಿನ ಇತಿಹಾಸದಿಂದಲೇ ಇದಕ್ಕೆ ಎರಡು ನಿದರ್ಶನಗಳನ್ನು ನೋಡಬಹುದು.

ಜಯನಗರದಿಂದ ಬನ್ನೇರುಘಟ್ಟದ ದಾರಿ ಹಿಡಿದು ದಕ್ಷಿಣಕ್ಕೆ ಸಾಗಿದರೆ ಆನೇಕಲ್ ಸಿಗುತ್ತದೆ. ಅಲ್ಲಿದ್ದ ಪಂಡಿತ ಸುಬ್ಬರಾಯಶಾಸ್ತ್ರಿಗಳು 1918ರಿಂದ 1923ರವರೆಗೆ ಹೇಳಿ ಬರೆಯಿಸಿದ ಸಂಸ್ಕೃತ ಗ್ರಂಥ 'ವೈಮಾನಿಕ ಶಾಸ್ತ್ರ'. ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜೊಂದರ ಡ್ರಾಫ್ಟ್ಸ್‌ಮನ್ ಎಲ್ಲಪ್ಪನವರು ಅದಕ್ಕೆ ಚಿತ್ರಗಳನ್ನು ಬರೆದರು. 1973ರಲ್ಲಿ ಮೈಸೂರಿನ ಜಿ. ಆರ್. ಜೋಸ್ಯರ್ ಅವರು ಇಂಗ್ಲಿಷ್ ಅನುವಾದದೊಡನೆ, ಭರದ್ವಾಜ ಮಹರ್ಷಿಗಳ ಕೃತಿಯೆಂದು ಅದನ್ನು ಪ್ರಕಟಿಸಿದರು. ನಮ್ಮ ಪೂರ್ವಿಕರು ಆಕಾಶದಲ್ಲಿ ಹಾರಾಡಿದ್ದರೆಂಬ ಮಾತು ಯಾರ ಕಿವಿಗೆ ತಾನೆ ಇಂಪಾಗದು?

ಮರುವರ್ಷವೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ವಿದ್ವಾಂಸರು ಈ ಗ್ರಂಥವನ್ನು ಪರೀಕ್ಷೆಗೆ ಎತ್ತಿಕೊಂಡರು. ಅವರು ನಗಲಿಲ್ಲ, ನಮಸ್ಕರಿಸಲೂ ಇಲ್ಲ. ಎರಡು ಪ್ರಶ್ನೆಗಳನ್ನು ಕೇಳಿದರು. ಗ್ರಂಥದ ಕಾಲ ಯಾವುದು? ಅದರ ವಿಮಾನಗಳು ಹಾರಬಲ್ಲವೆ? ಭಾಷೆಯನ್ನೂ ಹಸ್ತಪ್ರತಿಯ ಚರಿತ್ರೆಯನ್ನೂ ಶೋಧಿಸಿ, ಕೃತಿ 1904ಕ್ಕಿಂತ ಹಿಂದಿನದಲ್ಲವೆಂದು ನಿರ್ಣಯಿಸಿದರು. ಶಕುನ, ಸುಂದರ, ರುಕ್ಮ, ತ್ರಿಪುರ ಎಂಬ ವಿಮಾನಗಳ ರಚನೆಯನ್ನು ವಿಚಾರಿಸಿ, ಯಾವುದೂ ಹಾರುವಂಥದಲ್ಲವೆಂದು ತೋರಿಸಿದರು.

ಹಾಗಾದರೆ ಸಂಶಯವೇ ವಿವೇಕವೆ? ಇಲ್ಲಿ ಎರಡನೆಯ ನಿದರ್ಶನ ನೆರವಿಗೆ ಬರುತ್ತದೆ. ಗಂಗರ ಹೆಸರಿನ ತಾಮ್ರಪಟಗಳಲ್ಲಿ ಎಷ್ಟೋ ಕೂಟಶಾಸನಗಳಿದ್ದುದು ನಿಜ. ಇದನ್ನು ಕಂಡ ಫ್ಲೀಟ್ ಮಹಾಶಯರು ಆದಿ ಗಂಗರ ವಂಶಾವಳಿಯನ್ನೇ ಕಲ್ಪಿತವೆಂದು ತಳ್ಳಿಹಾಕಿದ್ದರು, ಬಿ. ಎಲ್. ರೈಸ್ ಅವರು ಇದನ್ನು ಒಪ್ಪಲಿಲ್ಲ. ವಾದ ಬಹುಕಾಲ ನಡೆಯಿತು. ಕಡೆಗೆ ಪೆನುಕೊಂಡೆಯ ತಾಮ್ರಪಟ ದೊರೆತಾಗ, 1915ರಲ್ಲಿ, ಫ್ಲೀಟರೇ ಅದನ್ನು ಅಸಲಿ ಶಾಸನವೆಂದು ಒಪ್ಪಿಕೊಂಡರು. ಹತ್ತು ಸುಳ್ಳುಗಳನ್ನು ಕಂಡ ಕಣ್ಣಿಗೆ ಹನ್ನೊಂದನೆಯದೂ ಸುಳ್ಳಾಗಿಯೇ ತೋರುತ್ತದೆ. ಅಭಿಮಾನದಂತೆ ಸಂಶಯವೂ ಪೂರ್ವಗ್ರಹವಾಗಬಲ್ಲುದು. ಫ್ಲೀಟರ ಹಿರಿಮೆಯೆಂದರೆ, ಹೊಸ ಸಾಕ್ಷ್ಯ ಎದುರಾದಾಗ ಅವರು ಹಳೆಯ ಮಾತಿಗೆ ಜೋತುಬೀಳಲಿಲ್ಲ.

ಇದಕ್ಕೆ ನಮ್ಮ ಶಾಸ್ತ್ರಕಾರರು ಬಹು ಹಿಂದೆಯೇ ಒಂದು ಕ್ರಮವನ್ನು ಹಾಕಿಕೊಟ್ಟಿದ್ದಾರೆ. ಸಿದ್ಧಾಂತವನ್ನು ಹೇಳುವ ಮೊದಲು ಪೂರ್ವಪಕ್ಷವನ್ನು, ಅಂದರೆ ಎದುರಾಳಿಯ ವಾದವನ್ನು, ಅದರ ಪೂರ್ಣ ಬಲದೊಡನೆ ಮಂಡಿಸಬೇಕು. ಇಂದು ಪತ್ರಿಕೆಯಲ್ಲಿಯೋ ಕೈಯಲ್ಲಿರುವ ಫೋನಿನಲ್ಲಿಯೋ ಮನಸ್ಸಿಗೊಪ್ಪುವ ಸುದ್ದಿ ಬಂದಾಗ, 'ಇದು ಸುಳ್ಳಾಗಿದ್ದರೆ ನನಗೆ ಹೇಗೆ ತಿಳಿಯುತ್ತಿತ್ತು?' ಎಂದು ಕೇಳಿಕೊಳ್ಳೋಣ. ಒಪ್ಪದ ಸುದ್ದಿ ಬಂದಾಗ, 'ಇದು ನಿಜವಾಗಿದ್ದರೆ?' ಎಂದೂ ಕೇಳೋಣ. ಮೊದಲನೆಯ ಪ್ರಶ್ನೆಯನ್ನು ಅನ್ಯರಿಗೆ ಹಾಕುವುದು ಸುಲಭ; ಅದನ್ನು ನಮಗೇ ಹಾಕಿಕೊಳ್ಳುವಲ್ಲಿ ಮಾತ್ರ ವಿಚಾರ ಆರಂಭವಾಗುತ್ತದೆ.